ದರ್ಜಿ ದೆಂಬೆಲೆಯ ಬಿಡುಗಡೆ

ಜನವರಿ 21, ಸೋಮವಾರ

ಸೇನಾ ಶಾಲೆ ಕಲಿಸಿದ ಒಳ್ಳೆಯ ಅಭ್ಯಾಸಗಳಲ್ಲಿ ನನ್ನಲ್ಲಿ ಉಳಿದಿರುವುದು ಎರಡೇ. ಬೂಟು ನಾನೇ ಉಜ್ಜಿಕೊಳ್ಳುತ್ತೇನೆ, ದಿನಚರಿ ಬರೆಯುತ್ತೇನೆ. ಎರಡನೆಯದನ್ನು ಬಿಟ್ಟು ಮೂರು ವರ್ಷವಾಗಿತ್ತು. ಬರೆಯುವಂಥದ್ದೇನೂ ನಡೆಯುತ್ತಿರಲಿಲ್ಲ, ನಡೆಯುತ್ತಿದ್ದದ್ದು ಬರೆಯುವಂಥದ್ದಾಗಿರಲಿಲ್ಲ. ಆದರೆ ನಿನ್ನೆಯದನ್ನು ಎಲ್ಲಾದರೂ ಕಕ್ಕದಿದ್ದರೆ ನನಗೆ ಅನ್ನ ಸೇರುವುದಿಲ್ಲ.

ನಿನ್ನೆ ಸೇನಾ ದಿನ. ಹದಿನಾಲ್ಕು ವರ್ಷದಿಂದ ನಮ್ಮನ್ನು ಆಳುತ್ತಿರುವ ಮಾರ್ಷಲ್ ಬಾಂಜುಗು ದಿಯಾರಾ ಹೊಸ ಬಿಳಿ ಸಮವಸ್ತ್ರದಲ್ಲಿ ವೇದಿಕೆಯ ಮೇಲೆ ಕೂತಿದ್ದರು. ಹಿಂದೆ ಒಬ್ಬ ಕಾರ್ಪೊರಲ್ ಕೊಡೆ ಹಿಡಿದು ನಿಂತಿದ್ದ. ನಲವತ್ತು ವರ್ಷ ಸೇನೆಗೆ ಬಟ್ಟೆ ಹೊಲಿದ ದರ್ಜಿ ಫುಸೇನಿ ದೆಂಬೆಲೆಗೆ ಪದಕ ಕೊಡುವ ಕಾರ್ಯಕ್ರಮವಿತ್ತು. ಅಜ್ಜ ಎಂದಿನಂತೆ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಮೆಟ್ಟಿಲು ಹತ್ತಿದ. ಪದಕ ಚುಚ್ಚಿಸಿಕೊಂಡ. ಆಮೇಲೆ ಯಾರೂ ಕೇಳದಿದ್ದರೂ ಮೈಕಿನ ಮುಂದೆ ಹೋಗಿ ನಿಂತ.

"ಈ ಸೊಂಟ ನನಗೆ ಗೊತ್ತು," ಅಂದ, ಮಾರ್ಷಲ್ಲರ ಕಡೆ ಕೈ ತೋರಿಸಿ. "ಸಿಪಾಯಿ ಆಗಿದ್ದಾಗ ಮೂವತ್ತು ಇಂಚು. ಈಗ ನಲವತ್ತಾರು. ದೇಶ ಬೆಳೀತಾ ಇದೆ ಅಂತ ರೇಡಿಯೋದವರು ಬಡ್ಕೋತಾರಲ್ಲ, ಎಲ್ಲಿ ಬೆಳೀತಾ ಇದೆ ಅಂತ ನಾನು ಟೇಪು ಹಿಡಿದು ನೋಡಿದೀನಿ. ಈ ದಿಯಾರಾಗಳು ಹುಟ್ಟಿದಾಗಿಂದ ಅಲಸಂದೆ ತಿಂದು ಬೆಳೆದ ಜನ. ಗುಂಡಿ ಕಿತ್ತುಹೋದ್ರೆ ನನ್ನ ಬೈಬೇಡಪ್ಪಾ, ಅಲಸಂದೇನ ಬೈಕೊ."

ಮೈದಾನವೆಲ್ಲ ನಕ್ಕಿತು. ನಗದೆ ಏನು? ದೆಂಬೆಲೆಗಳಿಗೂ ದಿಯಾರಾಗಳಿಗೂ ಗೇಲಿನಂಟು. ಮುತ್ತಜ್ಜಂದಿರ ಕಾಲದ ಆಣೆ ಅದು: ದೆಂಬೆಲೆಗಳು ದಿಯಾರಾಗಳನ್ನು ಅಲಸಂದೆ ತಿನ್ನುವವರು ಎನ್ನಬೇಕು, ದಿಯಾರಾಗಳು ದೆಂಬೆಲೆಗಳನ್ನು ತಮ್ಮ ಕೊಟ್ಟಿಗೆ ಬಳಿಯುವವರು ಎನ್ನಬೇಕು. ಸಿಟ್ಟು ಬಂದವನು ಅಪ್ಪನಿಗೆ ಹುಟ್ಟಿದವನಲ್ಲ. ರಾಜರೂ ಇದನ್ನು ಕೇಳಿಸಿಕೊಂಡೇ ರಾಜ್ಯವಾಳಿದ್ದಾರೆ.

ಮಾರ್ಷಲ್ ನಗಲಿಲ್ಲ. ಸಂಜೆ ಇಬ್ಬರು ಬಂದು ಅಜ್ಜನನ್ನು ಕರೆದುಕೊಂಡು ಹೋದರು. ಟೇಪನ್ನೂ ಕಿತ್ತುಕೊಂಡರಂತೆ.

ನಾನೂ ದಿಯಾರಾ. ಮಾರ್ಷಲ್ಲರ ಕುಲದವನೆಂದೇ ಅರಮನೆಯ ಕಾವಲಿಗೆ ಪಾಳಿ ಹಾಕುವ ಕೆಲಸ ನನಗೆ ಸಿಕ್ಕಿದ್ದು. ಇವತ್ತು ಮೊದಲ ಬಾರಿಗೆ ನನ್ನ ಕುಲದ ಹೆಸರು ಬರೆಯಲು ನಾಚಿಕೆಯಾಯಿತು.

ಜನವರಿ 24, ಗುರುವಾರ

ಗುರುವಾರ ಅಧಿಕಾರಿಗಳ ಊಟದ ಮನೆಯಲ್ಲಿ ಅಲಸಂದೆ ಪಲ್ಯ. ಇಪ್ಪತ್ತು ವರ್ಷದಿಂದ ತಪ್ಪಿಲ್ಲ. ಇವತ್ತು ಸೊಪ್ಪು. ಅಡುಗೆಯವನನ್ನು ಕೇಳಿದರೆ ಗೋಡೆ ನೋಡುತ್ತಾ, "ಅದು ಸಿಗ್ತಾ ಇಲ್ಲ ಸಾಹೇಬ್ರೆ" ಅಂದ. "ಯಾವುದು?" ಎಂದೆ. "ಅದೇ, ಸಣ್ಣಕ್ಕೆ, ಮಧ್ಯ ಕರೀ ಕಣ್ಣಿರುತ್ತಲ್ಲ, ಅದು." ಹೆಸರು ಹೇಳಲಿಲ್ಲ. ರೇಡಿಯೋದಲ್ಲೂ ಆ ಪದ ಬರಬಾರದೆಂದು ಸುತ್ತೋಲೆ ಹೋಗಿದೆಯಂತೆ. ರೈತರ ಕಾರ್ಯಕ್ರಮದವರು ಏನು ಮಾಡುತ್ತಾರೋ.

ದಂಡಿನ ಬಾಗಿಲಲ್ಲಿ ಅಲಸಂದೆ ವಡೆ ಕರಿಯುತ್ತಿದ್ದ ಬಿಂತು ಅಜ್ಜಿ, ದೆಂಬೆಲೆಯ ಹೆಂಡತಿ, ಒಲೆ ಹೊತ್ತಿಸದೆ ಸುಮ್ಮನೆ ಕೂತಿದ್ದಳು. ಕೈಯಲ್ಲಿ ಜಾಲರಿ ಸೌಟು ಮಾತ್ರ ಇತ್ತು.

"ಏನೋ ದಿಯಾರಾ, ನಿಮ್ಮೋನಿಗೆ ಹೊಟ್ಟೆಯುಬ್ಬರ ಇಳೀತಾ?" ಅಂದಳು.

"ಇಳಿಯುತ್ತೆ ಅಜ್ಜಿ. ಎರಡು ದಿನದಲ್ಲಿ ಬಿಡ್ತಾರೆ."

"ನೀನೇ ಕರ್ಕೊಂಡು ಬರ್ತೀಯಾ?"

"ನಾನೇ ಕರ್ಕೊಂಡು ಬರ್ತೀನಿ" ಅಂದೆ. ಯಾಕೆ ಹೇಳಿದೆನೋ.

ಮನೆಯಲ್ಲಿ ಹೇಳಿದಾಗ ಕಾಜಾತು, "ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡೀತಾನೆ. ಇವನು ಹಗಲೇ ಹಿಡಿಸ್ಕೊಂಡಿದಾನೆ, ಅಷ್ಟೇ ವ್ಯತ್ಯಾಸ" ಅಂದಳು. ನನ್ನ ಹೆಂಡತಿ ಶಾಲೆಯಲ್ಲಿ ಪಾಠ ಹೇಳುವವಳು. ಅವಳ ಬಾಯಿಗೆ ಬೀಗವಿಲ್ಲ.

ಫೆಬ್ರವರಿ 2, ಶನಿವಾರ

ಪಾಳಿಯ ಪಟ್ಟಿಗೆ ಸಹಿ ಹಾಕಿಸುವ ನೆಪದಲ್ಲಿ ಮಾರ್ಷಲ್ಲರ ಹತ್ತಿರ ಮಾತೆತ್ತಿದೆ. "ಆ ದರ್ಜಿ, ಮಹಾಪ್ರಭು..." "ಯಾವ ದರ್ಜಿ?" ಎಂದು ಕೇಳಿ, ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ಚಾಚಿದರು. ಮುಚ್ಚಳ ಹಾಕಿಕೊಟ್ಟೆ.

ವಾಪಸು ಬರುವಾಗ ಅಪ್ಪ ಸತ್ತ ಮೂರನೆಯ ದಿನ ನೆನಪಾಯಿತು. ಅಂಗಳದಲ್ಲಿ ಹೆಂಗಸರು ತಿಥಿಯ ಅಡುಗೆ ಮಾಡುತ್ತಿದ್ದರು. ಅಮ್ಮ ಮೂರು ದಿನದಿಂದ ಅತ್ತು ಗಂಟಲು ಕಟ್ಟಿಕೊಂಡಿದ್ದಳು. ದೆಂಬೆಲೆ ಅಜ್ಜ ಅಪ್ಪನ ಟೋಪಿ ಹಾಕಿಕೊಂಡು, ಅಪ್ಪನ ಕೋಲು ಊರಿಕೊಂಡು, ಅಪ್ಪನ ಹಾಗೇ ಕೆಮ್ಮುತ್ತಾ ಬಂದ. ಅಪ್ಪನ ಮಣೆಯ ಮೇಲೆ ಕೂತು, "ಎಲ್ಲೇ ನನ್ನ ಅಲಸಂದೆ? ಸತ್ತೋರಿಗೆ ಹಸಿವಾಗಲ್ಲ ಅಂದ್ಕೊಂಡ್ಯಾ?" ಎಂದ. ಅಮ್ಮ ಸೌಟು ತಗೊಂಡು ಅವನ ತಲೆಯ ಮೇಲೆ ಬಾರಿಸಿದಳು. ಒಂದು, ಎರಡು, ಮೂರನೆಯದಕ್ಕೆ ಅವಳಿಗೇ ನಗು ಬಂತು. ನಕ್ಕು ನಕ್ಕು ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತಳು.

ಗೇಲಿನಂಟ ಬಂದು ಸತ್ತವನನ್ನು ಅಣಕಿಸಬೇಕು, ಹೆಂಡತಿಯ ಸೌಟು ಅವನ ತಲೆಗೆ ಬೀಳಬೇಕು. ಬೀಳದಿದ್ದರೆ ಸತ್ತವನು ಅಂಗಳ ಬಿಟ್ಟು ಹೋಗುವುದಿಲ್ಲವಂತೆ. ಆವತ್ತು ಸೌಟು ಬಿದ್ದ ಮೇಲೆ ಮನೆ ಹಗುರಾದದ್ದು ನನಗೆ ಗೊತ್ತು. ಆ ಮನುಷ್ಯನನ್ನು ಒಳಗೆ ಹಾಕಿದ್ದಾರೆ, ನಾನು ಪೆನ್ನಿಗೆ ಮುಚ್ಚಳ ಹಾಕಿ ಕೊಟ್ಟು ಬಂದಿದ್ದೇನೆ.

ಫೆಬ್ರವರಿ 11, ಸೋಮವಾರ

ಕರ್ನಲ್ ಬುರಾಮಾ ಸಂಗಾರೆ ಚಹಾಕ್ಕೆ ಕರೆದಿದ್ದರು. ಒಳ್ಳೆಯ ಮನುಷ್ಯ, ನನ್ನ ಗುರು, ಉಗ್ಗು ಇದೆ. ಮೊದಲ ಸುತ್ತಿನ ಕಹಿ ಚಹಾ ಮುಗಿಯುವವರೆಗೆ ಮಾವಿನ ಫಸಲಿನ ಮಾತಾಡಿದರು. ಎರಡನೆಯ ಸುತ್ತಿಗೆ, "ಜು... ಜುಮಾನಾ, ಒಂದು ಮ... ಮದುವೆ ಇದೆ. ಬರ್ತೀಯಾ?" ಎಂದರು.

"ಯಾರದು ಸಾರ್?"

"ಮಾ... ಮಾರ್ಷಲ್ದು. ಹೆಣ್ಣಿನ ಕ... ಕಡೆಯೋರು ನಾವು. ಕ... ಕರ್ಕೊಂಡು ಹೋಗಿ ಮ... ಮನೆಗೆ ಕಳಿಸೋದು."

ಪಕ್ಕದಲ್ಲಿ ಕ್ಯಾಪ್ಟನ್ ಲಾಂಸಿನೆ ಕಮಾರಾ ಕೂತಿದ್ದ. ಸಂಪರ್ಕ ದಳದವನು, ತೆಳ್ಳಗೆ, ಎಲ್ಲರ ಮಾತನ್ನೂ ಅರ್ಧಕ್ಕೆ ಮುಗಿಸಿಕೊಡುವ ಹುರುಪು. "ಪಾಳಿ ಪಟ್ಟಿ ನಿಮ್ಮ ಕೈಲಿದೆ ಮೇಜರ್. ನೀವು ಬಂದ್ರೆ ಮದುವೆ, ಬರದಿದ್ರೆ ತಿಥಿ" ಅಂದ.

ಮೂರನೆಯ ಸುತ್ತಿನ ಸಿಹಿ ಚಹಾ ಬರುವ ಹೊತ್ತಿಗೆ ಒಪ್ಪಿಕೊಂಡಿದ್ದೆ. ಒಂದೇ ಷರತ್ತು: ಮೊದಲ ಕೆಲಸ ದೆಂಬೆಲೆ ಅಜ್ಜನ ಕೋಣೆಯ ಬೀಗ ತೆಗೆಯುವುದು. ಕರ್ನಲ್ ತಮ್ಮ ಕಾಗದದಲ್ಲಿ ಒಂದನೆಯ ಅಂಶವಾಗಿ ಅದನ್ನೇ ಬರೆದರು, ರೇಡಿಯೋ ನಿಲ್ದಾಣಕ್ಕಿಂತ ಮೇಲೆ.

ಒಂಬತ್ತು ವರ್ಷದಿಂದ ನಾನು ಮೇಜರಾಗಿಯೇ ಇದ್ದೇನೆ, ನನಗಿಂತ ಕಿರಿಯರಾದ ನಾಲ್ವರು ಮುಂದೆ ಹೋಗಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಯಾರಾದರೂ ಕೇಳಬಹುದೆಂದು ಬರೆದಿಡುತ್ತಿದ್ದೇನೆ.

ಫೆಬ್ರವರಿ 27, ಬುಧವಾರ

ಮನೆಯಲ್ಲಿ ಯುದ್ಧ. ಮದುವೆಯ ಮಾತು, ಮದುವೆಯ ದಿನ, ಹೆಣ್ಣಿನ ಕಡೆಯವರು ಎಂದು ನಾನು ಫೋನಿನಲ್ಲಿ ಆಡಿದ್ದೆಲ್ಲ ಕಾಜಾತುವಿನ ಕಿವಿಗೆ ಬಿದ್ದಿದೆ. ಬೆಳಿಗ್ಗೆ ನನ್ನ ಪೆಟ್ಟಿಗೆಯನ್ನು ಅಂಗಳಕ್ಕೆ ತಂದಿಟ್ಟಳು.

"ಎಷ್ಟು ವಯಸ್ಸು ಅವಳಿಗೆ?"

"ಯಾರಿಗೆ?"

"ನೀನು ತರ್ತಾ ಇರೋ ಎರಡನೇಯೋಳಿಗೆ. ಕರ್ನಲ್ ಸಾಹೇಬ್ರೇ ಮುಂದೆ ನಿಂತು ಮಾಡಿಸ್ತಾರಂತಲ್ಲ, ಆ ಉಗ್ಗು ಬಾಯಲ್ಲಿ ಮಂತ್ರ ಹೇಳೋಕೆ ಎಷ್ಟು ದಿನ ಬೇಕು?"

ಹೇಳದೆ ವಿಧಿಯಿರಲಿಲ್ಲ. ಕೋಣೆಗೆ ಕರೆದು, ಬಾಗಿಲು ಹಾಕಿ, ಸರ್ಕಾರ ಉರುಳಿಸುತ್ತೇವೆ, ಸಿಕ್ಕಿಬಿದ್ದರೆ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಾರೆ ಎಂದೆ. ಅವಳು ಹಾಸಿಗೆಯ ಮೇಲೆ ಕುಸಿದು ಕೂತಳು.

"ಅಷ್ಟೇನಾ?" ಎಂದಳು. ಪೆಟ್ಟಿಗೆಯನ್ನು ತಾನೇ ಒಳಗೆ ತಂದಳು. ಆಮೇಲೆ ನನ್ನ ಅಂಗಿಯ ತೋಳು ಹಿಡಿದುಕೊಂಡು, "ಅಜ್ಜನ್ನ ಕರ್ಕೊಂಡು ಬಾ. ನೀನೂ ಬಾ" ಅಂದಳು.

ಮಾರ್ಚ್ 9, ಶನಿವಾರ

ಹೊತ್ತು ನಿಗದಿಯಾಯಿತು. ಲಾಂಸಿನೆ ಬೆಳಗಿನ ಜಾವ ಎಂದ. ಬೆಳಗಿನ ಜಾವಕ್ಕೆ ಮಾರ್ಷಲ್ ಎದ್ದಿರುತ್ತಾರೆ, ಹದಿನಾಲ್ಕು ವರ್ಷದಿಂದ ಅವರು ಕಾಯುತ್ತಿರುವುದೇ ಆ ಹೊತ್ತಿಗೆ ಬರುವವರನ್ನು. ನಾನು ಹೇಳಿದೆ: ಮಾರ್ಚ್ ಕೊನೆಯ ಶುಕ್ರವಾರ, ಪ್ರಾರ್ಥನೆ ಮುಗಿದು, ಕುರಿಯೂಟವಾಗಿ, ಮಧ್ಯಾಹ್ನ ಎರಡೂವರೆ. ಬಿಸಿಲಿಗೆ ನಾಯಿಯೂ ಬಾಲ ಅಲ್ಲಾಡಿಸುವುದಿಲ್ಲ. ನಮ್ಮ ದೇಶದಲ್ಲಿ ಆ ಹೊತ್ತಿನಲ್ಲಿ ಎದ್ದಿರುವುದು ನೊಣ ಒಂದೇ.

ಕರ್ನಲ್ ನನ್ನನ್ನು ಹೆಮ್ಮೆಯಿಂದ ನೋಡಿದರು. ಕಾವಲಿಗೆ ಗೊರಕೆಯಲ್ಲಿ ಹೆಸರಾದವರನ್ನೇ ಹಾಕುತ್ತೇನೆಂದು ಒಪ್ಪಿಕೊಂಡೆ.

ಮಾರ್ಚ್ 28, ಗುರುವಾರ

ನಾಳೆ.

ಬೂಟು ಉಜ್ಜಿದೆ. ಎರಡು ಸಲ ಉಜ್ಜಿದೆ. ಹೆದರಿಕೆಯಾಗುತ್ತಿದೆ, ಸುಳ್ಳು ಹೇಳಿ ಏನು ಮಾಡಲಿ. ಬಿಂತು ಅಜ್ಜಿ ಬಾಗಿಲಲ್ಲಿ ಕೂತೇ ಇದ್ದಾಳೆ. ಅವಳನ್ನು ದಾಟುವಾಗ "ನಾಡಿದ್ದು ಒಲೆ ಹೊತ್ತಿಸು ಅಜ್ಜಿ" ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

ಮಾರ್ಚ್ 30, ಶನಿವಾರ

ಬದುಕಿದ್ದೇನೆ.

ಒಂದು ಗುಂಡೂ ಹಾರಲಿಲ್ಲ. ಕಾವಲಿನ ಹದಿನಾಲ್ಕು ಜನ ಮಾವಿನ ಮರದ ಕೆಳಗೆ ಸಾಲಾಗಿ ಮಲಗಿದ್ದರು, ಬಂದೂಕುಗಳು ಮರಕ್ಕೆ ಒರಗಿ ನಿಂತಿದ್ದವು. ನಾವು ಬಂದೂಕುಗಳನ್ನು ಗಾಡಿಗೆ ತುಂಬಿದ ಮೇಲೆ ಒಬ್ಬ ಎದ್ದು, ನನ್ನನ್ನು ನೋಡಿ, ಸೆಲ್ಯೂಟ್ ಹೊಡೆದು, ಮಗ್ಗುಲು ಬದಲಿಸಿದ. ಮಾರ್ಷಲ್ ಬನಿಯನ್ನಿನಲ್ಲಿದ್ದರು. "ಯಾರು?" ಎಂದರು. "ದಿಯಾರಾ" ಎಂದೆ. "ನನ್ನ ಹೆಸರು ನನಗೆ ಗೊತ್ತು, ನೀನು ಯಾರು?" ಎಂದರು. ಅವರನ್ನು ಅತಿಥಿ ಗೃಹಕ್ಕೆ ಕಳಿಸಿದೆವು. ದಿಂಬು ಕೇಳಿದರು, ಕೊಟ್ಟೆವು.

ರೇಡಿಯೋದಲ್ಲಿ ಮಾತ್ರ ತೊಡಕಾಯಿತು. ಘೋಷಣೆ ಓದಬೇಕಾದವರು ಕರ್ನಲ್. ಮೈಕು ಕಂಡ ಕೂಡಲೇ ಅವರ ಉಗ್ಗು ಮೂರು ಪಟ್ಟಾಯಿತು. "ನಾ... ನಾ... ನಾ..." ಎನ್ನುತ್ತಾ ಅರ್ಧ ನಿಮಿಷ ಕಳೆಯಿತು. ಲಾಂಸಿನೆ ಕಾಗದವನ್ನು ಅವರ ಕೈಯಿಂದ ತೆಗೆದು ನನಗೆ ಕೊಟ್ಟ. ನಾನು ಓದಿದೆ. "ನಾನು, ಮೇಜರ್ ಜುಮಾನಾ ದಿಯಾರಾ..." ಎಂದು ಶುರುಮಾಡಿದೆ, ಕಾಗದದಲ್ಲಿ ಕರ್ನಲ್ಲರ ಹೆಸರಿದ್ದರೂ. ಓದುವವನು ತನ್ನ ಹೆಸರು ಹೇಳಬೇಕಲ್ಲವೇ? ಸಂಜೆಗೆ ಊರೆಲ್ಲ ನನ್ನ ಹೆಸರು ಕೂಗುತ್ತಿತ್ತು. ಕರ್ನಲ್ ಬೆನ್ನು ತಟ್ಟಿದರು.

ಸೆರೆಮನೆಗೆ ಹೋಗಲಾಗಲಿಲ್ಲ. ಜನ ಬಿಡಲಿಲ್ಲ. ನಾಳೆ ಮೊದಲ ಕೆಲಸ ಅದೇ.

ಏಪ್ರಿಲ್ 8, ಸೋಮವಾರ

ಇಷ್ಟು ದಿನ ಬರೆಯಲು ಪುರುಸೊತ್ತಾಗಲಿಲ್ಲ. ಸೇನಾ ಮಂಡಳಿ ರಚನೆಯಾಯಿತು. ಜನ ಕೂಗಿದ ಹೆಸರನ್ನು ಬಿಟ್ಟು ಬೇರೆಯವರನ್ನು ಕೂರಿಸಿದರೆ ಗೊಂದಲವಾಗುತ್ತದೆ ಎಂದು ಲಾಂಸಿನೆ ವಾದಿಸಿದ, ಹಾಗಾಗಿ ಸದ್ಯಕ್ಕೆ ನಾನು ಅಧ್ಯಕ್ಷ. ಆರು ತಿಂಗಳು, ಅಷ್ಟೇ. ಬೂಟು ಉಜ್ಜಲು ಒಬ್ಬ ಸಾರ್ಜೆಂಟನ್ನು ಹಾಕಿದ್ದಾರೆ. ಬೇಡವೆಂದೆ. ಆದರೆ ಚೆನ್ನಾಗಿ ಉಜ್ಜುತ್ತಾನೆ.

ಸೆರೆಮನೆಯಿಂದ ಕೈದಿಗಳನ್ನು ಬಿಡುತ್ತಿದ್ದೇವೆ. ದೆಂಬೆಲೆ ಅಜ್ಜನನ್ನು ಮಾತ್ರ ಹಿಂಬಾಗಿಲಿಂದ ಕಳ್ಳನ ಹಾಗೆ ಬಿಡುವುದು ನನಗೆ ಸರಿ ಕಾಣಲಿಲ್ಲ. ಅವನಿಗೆ ಅವಮಾನವಾದದ್ದು ವೇದಿಕೆಯ ಮೇಲೆ, ಮಾನ ಸಿಗಬೇಕಾದದ್ದೂ ಅಲ್ಲೇ. ಮೇ ಹನ್ನೆರಡಕ್ಕೆ ವಿಜಯೋತ್ಸವ. ಅದೇ ಮೈದಾನ, ಅದೇ ಮೈಕು, ಹೊಸ ಪದಕ, ಬ್ಯಾಂಡು. ಇಡೀ ದೇಶ ನೋಡಲಿ.

ಕಾಜಾತುವಿಗೆ ಹೇಳಿದೆ. "ಬೀಗ ತೆಗೆಯೋಕೆ ಬ್ಯಾಂಡ್ ಯಾಕೆ?" ಎಂದಳು. ಹೆಂಗಸರಿಗೆ ರಾಜ್ಯದ ಸೂಕ್ಷ್ಮಗಳು ಅರ್ಥವಾಗುವುದು ಕಷ್ಟ.

ಏಪ್ರಿಲ್ 18, ಗುರುವಾರ

ಅರಮನೆಗೆ ಬಂದು ವಾರವಾಯಿತು. ಭದ್ರತೆಯ ಕಾರಣಕ್ಕೆ. ಮಾರ್ಷಲ್ಲರ ಮಂಚ ಒಳ್ಳೆಯದು, ಮಧ್ಯಾಹ್ನ ಒಂದು ಗಳಿಗೆ ಮಲಗಿದರೆ ಸಂಜೆ ಕೆಲಸ ಚುರುಕಾಗುತ್ತದೆ.

ಕರ್ನಲ್ ಸಂಗಾರೆಯವರನ್ನು ರಾಯಭಾರಿಯಾಗಿ ಉತ್ತರದ ಒಂದು ಹಿಮದ ದೇಶಕ್ಕೆ ಕಳಿಸಿಕೊಟ್ಟೆವು. ಅಲ್ಲಿಯವರು ಕಡಿಮೆ ಮಾತಿನವರಂತೆ, ಅವರಿಗೆ ಅನುಕೂಲ. ವಿಮಾನ ಹತ್ತುವ ಮುಂಚೆ ಕೈ ಹಿಡಿದುಕೊಂಡು, "ಒಂ... ಒಂದನೇ ಅಂಶ, ಜುಮಾನಾ" ಎಂದರು. ಯಾವುದರ ಒಂದನೆಯ ಅಂಶ ಎಂದು ಕಾರಿನಲ್ಲಿ ವಾಪಸು ಬರುವಾಗ ನೆನಪಾಯಿತು.

ಬಿಂತು ಅಜ್ಜಿಯನ್ನು ದಂಡಿನ ಬಾಗಿಲಿನಿಂದ ಮಾರುಕಟ್ಟೆಯ ಹತ್ತಿರಕ್ಕೆ ಕಳಿಸಿದ್ದಾರೆ. ಈಗ ಆ ಬಾಗಿಲಿನಲ್ಲಿ ಓಡಾಟ ಜಾಸ್ತಿ.

ಮೇ 2, ಗುರುವಾರ

ಇವತ್ತು ಸೆರೆಮನೆಗೆ ಹೋಗಿ ಅಜ್ಜನನ್ನು ನೋಡಿದೆ. ವಿಜಯೋತ್ಸವಕ್ಕೆ ನನಗೆ ಸಮವಸ್ತ್ರವಾಗಬೇಕು, ನನ್ನ ಅಳತೆ ಅವನಿಗಿಂತ ಬಲ್ಲವರಿಲ್ಲ. ಅವನ ಹೊಲಿಗೆ ಯಂತ್ರವನ್ನೂ ಟೇಪನ್ನೂ ಒಳಗೇ ತರಿಸಿಕೊಟ್ಟಿದ್ದೆವು. ಅದೂ ಒಂದು ಗೌರವವೇ.

ಸೊರಗಿದ್ದಾನೆ. ತಗಡಿನ ಮಾಡು, ಒಳಗೆ ಧಗೆ. ನನ್ನನ್ನು ಕಂಡ ಕೂಡಲೇ ಹಲ್ಲು ಬಿಟ್ಟ, ಮೊದಲಿನ ಹಾಗೇ.

"ಬಾರೋ ಬಾರೋ, ನನ್ನ ಅಲಸಂದೆ ಮೂಟೆ. ಐದು ವಾರದಿಂದ ಬೀಗದ ಕೈ ಹುಡುಕ್ತಾ ಇದೀಯಾ?"

"ಹನ್ನೆರಡನೇ ತಾರೀಕಿಗೆ ವೇದಿಕೆ ಮೇಲೆ ಬಿಡುಗಡೆ ಅಜ್ಜ. ಪದಕ ಕೊಡ್ತೀವಿ."

"ಹೋದ ಸಲದ ಪದಕ ಕೊಟ್ಟ ಸುಖ ಸಾಕಾಗಿದೆ ಕಣೋ. ಕೈ ಎತ್ತು." ಟೇಪು ಸುತ್ತಿದ. ಜೈಲರ್ ಇದ್ದ, ಲಾಂಸಿನೆ ಇದ್ದ, ನಾಲ್ಕು ಕಾವಲಿನವರು ಇದ್ದರು. "ಮೂವತ್ತಾರು. ಜನವರೀಲಿ ಮೂವತ್ತನಾಲ್ಕಿತ್ತು. ಒಂದು ತಿಂಗಳಿಗೆ ಎರಡು ಇಂಚು. ಮುಂಚಿನ ದಿಯಾರಾ ಇಷ್ಟು ಬೆಳೆಯೋಕೆ ಎರಡು ವರ್ಷ ತಗೊಂಡಿದ್ದ. ನೀನು ಜಾಣ."

ನಾನು ನಕ್ಕೆ. ನಕ್ಕೇ ನಕ್ಕೆ. ಕಾವಲಿನವರು ಮಾತ್ರ ಮೊದಲು ನನ್ನ ಮುಖ ನೋಡಿ ಆಮೇಲೆ ನಕ್ಕರು. ನಾನು ಸ್ವಲ್ಪ ತಡವಾಗಿ ನಕ್ಕಿರಬೇಕು, ಬಿಸಿಲಿಗೆ ತಲೆ ಧಿಮ್ಮೆಂದಿತ್ತು.

"ಕೊಟ್ಟಿಗೆ ಬಳಿಯೋನೇ, ಸುಮ್ಮನೆ ಹೊಲಿ" ಎಂದೆ. ರೂಢಿಯ ಮಾತು. ಆದರೆ ಅವನು ಎಂದಿನಂತೆ ತಿರುಗಿ ಉತ್ತರ ಕೊಡಲಿಲ್ಲ. ಟೇಪು ಹಿಡಿದುಕೊಂಡೇ ನನ್ನನ್ನು ಒಂದು ಗಳಿಗೆ ನೋಡಿದ. ಜೈಲರನನ್ನು ನೋಡಿದ. "ಆಗ್ಲಿ ಸಾಹೇಬ್ರೆ" ಎಂದ. ನನ್ನ ಜೀವಮಾನದಲ್ಲಿ ಅವನು ನನ್ನನ್ನು ಸಾಹೇಬ ಎಂದಿರಲಿಲ್ಲ. ಇವತ್ತಿಗಾದರೂ ಬಾಯಿಗೆ ಬಂತಲ್ಲ ಎಂದುಕೊಂಡೆ.

ಕಾರಿನಲ್ಲಿ ಲಾಂಸಿನೆ, "ಒಳ್ಳೇ ಮುದುಕ. ಆದ್ರೆ ಮೈಕು ಕೊಡೋದು ಬೇಡ ಸಾರ್. ದೊಡ್ಡ ದೇಶದ ರಾಯಭಾರಿಗಳೆಲ್ಲ ಇರ್ತಾರೆ, ಅವರಿಗೆ ಗೇಲಿನಂಟು ಗೊತ್ತಾಗಲ್ಲ" ಎಂದ. ಅವನು ಈಗ ಭದ್ರತೆಯ ಮುಖ್ಯಸ್ಥ. ಯೋಚನೆ ಮಾಡುವ ಮಾತೇ.

ಮೇ 13, ಸೋಮವಾರ

ನಿನ್ನೆ ವಿಜಯೋತ್ಸವ ಸಾಂಗವಾಗಿ ನಡೆಯಿತು. ಸಮವಸ್ತ್ರ ಮೈಗೆ ಅಚ್ಚು ಹಾಕಿದ ಹಾಗಿತ್ತು. ಎಲ್ಲರೂ ಹೊಗಳಿದರು. ಬಿಸಿಲು ಹೆಚ್ಚಿದ್ದರಿಂದ ಯಾರೋ ಕೊಡೆ ಹಿಡಿಸಿದರು, ಹಿಡಿಸುವವರೆಗೆ ನಮಗೆ ಗೊತ್ತೇ ಆಗಲಿಲ್ಲ.

ದರ್ಜಿಯ ಕಾರ್ಯಕ್ರಮವನ್ನು ಮುಂದಕ್ಕೆ ಹಾಕಬೇಕಾಯಿತು. ಮೈಕು ಇಲ್ಲದೆ ವೇದಿಕೆಗೆ ಕರೆದರೆ ಅವನಿಗೆ ಬೇಜಾರು, ಮೈಕು ಕೊಟ್ಟರೆ ದೇಶಕ್ಕೆ ಬೇಜಾರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸ್ವಾತಂತ್ರ್ಯ ದಿನಕ್ಕೆ ನೋಡೋಣ ಎಂದಿದ್ದೇವೆ. ಅಂಗಿಯ ಒಳಜೇಬಿನಲ್ಲಿ ಒಂದು ಹಿಡಿ ಅಲಸಂದೆ ಕಾಳು ಇಟ್ಟು ಹೊಲಿದಿದ್ದಾನೆ. ಎದೆಯ ಹತ್ತಿರ ಏನೋ ಒತ್ತುತ್ತಿದೆಯೆಂದು ಮನೆಗೆ ಬಂದು ಬಿಚ್ಚಿ ನೋಡಿದಾಗ ತಿಳಿಯಿತು. ಸಾರ್ಜೆಂಟ್ ಎದುರಿಗೇ ಇದ್ದ. ಲಾಂಸಿನೆಗೆ ವಿಷಯ ಹೋಗಿದೆ.

ಕಾಜಾತು ಆ ಕಾಳುಗಳನ್ನು ಆರಿಸಿ ಒಂದು ಬಟ್ಟಲಿಗೆ ಹಾಕಿಟ್ಟಳು. "ಅವನು ಇನ್ನೂ ಆಡ್ತಾ ಇದಾನೆ. ನೀನು ಆಟ ಬಿಟ್ಟೆ" ಎಂದಳು. ಅವಳ ಮಾತು ಈಚೆಗೆ ಒರಟಾಗುತ್ತಿದೆ. ಎದುರಿಗೆ ಆಳುಗಳಿರುತ್ತಾರೆ ಎಂಬ ಪರಿವೆಯಿಲ್ಲ. ಅದನ್ನು ಅವಳಿಗೆ ತಿಳಿಸಿಹೇಳಿದೆವು.

ಮೇ 28, ಮಂಗಳವಾರ

ಅರಮನೆಯ ಮೆಟ್ಟಿಲ ಹತ್ತಿರ ಒಬ್ಬ ಮುದುಕಿ ಮನವಿ ಪತ್ರ ಹಿಡಿದು ನಿಂತಿದ್ದಳು. ಮೂರು ದಿನದಿಂದ ನಿಲ್ಲುತ್ತಾಳಂತೆ. ಕಾರು ನಿಲ್ಲಿಸಿದೆವು. ಬಿಂತು. ಎಷ್ಟು ಇಳಿದುಹೋಗಿದ್ದಾಳೆಂದರೆ ಗುರುತೇ ಸಿಗಲಿಲ್ಲ.

"ಅವರಿಗೆ ಎದೆ ನೋವಂತೆ ಸ್ವಾಮಿ. ತಗಡಿನ ಕೆಳಗೆ ಉಸಿರು ಕಟ್ಟುತ್ತಂತೆ. ಬಿಡದಿದ್ರೆ ಬೇಡ, ನೆರಳಿಗಾದ್ರೂ ಹಾಕ್ಸಿ."

"ಆಗಲಿ, ಕಡತ ತರಿಸ್ತೀವಿ" ಎಂದೆವು. ಮೊದಲೆಲ್ಲ ಸೌಟು ತೋರಿಸಿ ಬೈಯುತ್ತಿದ್ದವಳು ಈಗ ಹದವಾಗಿ ಮಾತಾಡುತ್ತಾಳೆ. ದೇಶದಲ್ಲಿ ಶಿಸ್ತು ಬಂದಿದೆ.

ಕಡತ ಭದ್ರತಾ ಇಲಾಖೆಯಲ್ಲಿದೆ. ಕಾಳಿನ ವಿಷಯದಲ್ಲಿ ವಿಚಾರಣೆ ಬಾಕಿಯಿದೆಯಂತೆ, ಅಧ್ಯಕ್ಷರ ಉಡುಪಿಗೆ ಅನ್ಯ ವಸ್ತು ಸೇರಿಸಿದ್ದು. ಲಾಂಸಿನೆಯ ತೀರ್ಮಾನವನ್ನು ನಾವೇ ತಿರುಗಿಸಿದರೆ ಅವನ ಮಾತಿಗೆ ನಾಳೆ ಬೆಲೆಯಿರುವುದಿಲ್ಲ. ಬೇರೆ ಕೋಣೆಗೆ ಹಾಕುವ ಬಗ್ಗೆ ಪರಿಶೀಲಿಸಿ ಎಂದು ಬರೆದಿದ್ದೇವೆ.

ಊಟಕ್ಕೆ ಸೊಪ್ಪು. ಗುರುವಾರದ ಪಲ್ಯ ಮತ್ತೆ ಶುರುವಾಗಿಲ್ಲವೆಂದು ಈಗ ಗಮನಕ್ಕೆ ಬಂತು. ಯಾರಿಗೂ ಹೇಳಲು ಹೋಗಲಿಲ್ಲ. ಅಡುಗೆಯವನು ಅಪಾರ್ಥ ಮಾಡಿಕೊಂಡಾನು.

ಜೂನ್ 9, ಭಾನುವಾರ

ದರ್ಜಿ ಫುಸೇನಿ ದೆಂಬೆಲೆ ನಿನ್ನೆ ಮಧ್ಯಾಹ್ನ ಎರಡೂವರೆಗೆ ತೀರಿಕೊಂಡನೆಂದು ವರದಿ ಬಂದಿದೆ. ನಾವು ಮಲಗಿದ್ದೆವು, ಆದ್ದರಿಂದ ಸಂಜೆಯವರೆಗೆ ತಿಳಿಸಲಿಲ್ಲವಂತೆ. ಕೋಣೆ ಬದಲಿಸುವ ಕಾಗದ ಸಹಿಯಾಗಿ ಲಕೋಟೆಯಲ್ಲಿತ್ತು. ದೇಹವನ್ನು ಮನೆಯವರಿಗೆ ಕೊಟ್ಟು, ನಿನ್ನೆಯೇ ಮಣ್ಣು ಮಾಡಿದ್ದಾರೆ.

ಕಾಜಾತುವಿಗೆ ಹೇಳಿದೆ. ಏನಾದರೂ ಅನ್ನುತ್ತಾಳೆಂದು ಕಾದೆ. "ಸರಿ" ಎಂದಳು. ನಾಳೆ ಮೂರನೆಯ ದಿನ.

ಜೂನ್ 10, ಸೋಮವಾರ

ಹೋಗಬಾರದೆಂದು ಲಾಂಸಿನೆ ಹೇಳಿದ. ಆದರೆ ದೆಂಬೆಲೆ ಸತ್ತರೆ ದಿಯಾರಾ ಹೋಗಲೇಬೇಕು. ಅಧ್ಯಕ್ಷ ಸಂಪ್ರದಾಯ ಮುರಿದರೆ ಜನ ಏನೆಂದಾರು. ಮೂರು ಕಾರುಗಳಲ್ಲಿ ಹೊರಟೆವು.

ಅಂಗಳದಲ್ಲಿ ಐವತ್ತು ಜನ ಇದ್ದಿರಬಹುದು. ಬಿಂತು ಒಲೆಯ ಮುಂದೆ ಬಾಣಲೆಯಲ್ಲಿ ವಡೆ ಕರಿಯುತ್ತಿದ್ದಳು, ಅಲಸಂದೆಯದೇ. ನಮ್ಮನ್ನು ಕಂಡು ಎಲ್ಲರೂ ಎದ್ದು ನಿಂತರು. ಒಳಗಿನಿಂದ ಅವನ ಟೋಪಿಯನ್ನೂ ಟೇಪನ್ನೂ ತರಿಸಿ ಹಾಕಿಕೊಂಡೆವು. ಅವನ ಹಾಗೆ ಮಂಡಿ ಬಾಗಿಸಿ, ಕತ್ತು ಮುಂದೆ ಚಾಚಿ ಅಂಗಳದ ತುಂಬ ನಡೆದೆವು. ಒಬ್ಬ ಮುದುಕನ ಸೊಂಟಕ್ಕೆ ಟೇಪು ಸುತ್ತಿ, ಅವನದೇ ಕೀರಲು ದನಿಯಲ್ಲಿ, "ಸ್ವರ್ಗದಲ್ಲಿ ಎಲ್ಲರಿಗೂ ಬಟ್ಟೆ ಸಡಿಲ ಆಗ್ತಾ ಇದೆ ಕಣ್ರೋ, ಅಲ್ಲಿ ಅಲಸಂದೆ ಸಿಗಲ್ಲ" ಎಂದೆವು. ಚೆನ್ನಾಗಿಯೇ ಬಂತು. ಚಿಕ್ಕಂದಿನಿಂದ ಅವನನ್ನು ನೋಡಿದವರಲ್ಲವೇ.

ಎಲ್ಲರೂ ನಕ್ಕರು. ಒಟ್ಟಿಗೇ ನಕ್ಕರು, ಒಟ್ಟಿಗೇ ನಿಲ್ಲಿಸಿದರು. ಕಾಜಾತು ಹೆಂಗಸರ ಸಾಲಿನಲ್ಲಿದ್ದಳು. ಅವಳು ಲಾಂಸಿನೆಯ ಕಡೆ ಒಮ್ಮೆ ನೋಡಿ, ಆಮೇಲೆ ನಕ್ಕಳು.

ಅವನ ಮಣೆಯ ಮೇಲೆ ಕೂತು, "ಎಲ್ಲೇ ನನ್ನ ವಡೆ? ಸತ್ತೋರಿಗೆ ಹಸಿವಾಗಲ್ವಾ?" ಎಂದೆ. ಬಿಂತು ಸೌಟು ಹಿಡಿದು ಎದ್ದು ಬಂದಳು. ತಲೆ ಬಗ್ಗಿಸಿದೆ. ಅವಳ ಪಾದ ಕಾಣುತ್ತಿತ್ತು, ಹಿಮ್ಮಡಿ ಒಡೆದಿತ್ತು. ಸೌಟಿನಿಂದ ಎಣ್ಣೆ ಒಂದೊಂದೇ ಹನಿ ನೆಲಕ್ಕೆ ಬೀಳುತ್ತಿತ್ತು. ಹಿಂದೆ ಕಾವಲಿನವರ ಬೂಟು ಸರಿದ ಸದ್ದಾಯಿತು.

ಅವಳು ಮಂಡಿಯೂರಿದಳು. ಸೌಟನ್ನು ಎರಡೂ ಕೈಯಲ್ಲಿ ನೆಲದ ಮೇಲಿಟ್ಟು, "ಅಧ್ಯಕ್ಷರಿಗೆ ದೇವರು ಆಯುಸ್ಸು ಕೊಡ್ಲಿ. ನಮ್ಮೋರಿಂದ ತಪ್ಪಾಗಿದ್ರೆ ಕ್ಷಮಿಸಿಬಿಡಿ" ಎಂದಳು.

"ಹೊಡಿ ಅಜ್ಜಿ" ಎಂದೆ. ಮೆಲ್ಲಗೆ ಹೇಳಿದೆ, ಅವಳಿಗಷ್ಟೇ ಕೇಳುವ ಹಾಗೆ.

"ಕ್ಷಮಿಸಿ ಸ್ವಾಮಿ" ಎಂದಳು.

ಸಮಾರಂಭ ಶಾಂತಿಯುತವಾಗಿ ಮುಗಿಯಿತೆಂದು ಸಂಜೆಯ ರೇಡಿಯೋದಲ್ಲಿ ಹೇಳಿದರು. ಅದು ನಿಜವೇ. ಆದರೆ ನಾನು ಆ ಟೋಪಿ ಹಾಕಿಕೊಂಡು, ತಲೆ ಬಗ್ಗಿಸಿಕೊಂಡು, ಆ ಮಣೆಯ ಮೇಲೆ ತುಂಬ ಹೊತ್ತು ಕೂತೇ ಇದ್ದೆ. ಆಮೇಲೆ ಲಾಂಸಿನೆ ಬಂದು, ಕಾರು ಸಿದ್ಧವಾಗಿದೆ ಎಂದ.